ಹನ್ನೆರಡನೇ ದಿನದ ಹಳದಿ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಣ್ಣನ ಫೋನು ಬರುತ್ತಿತ್ತು. ತಂಗಿ ಹಲ್ಲುಜ್ಜುತ್ತಿರಲಿ, ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ಅವನಿಗೆ ಅದೊಂದೂ ಲೆಕ್ಕಕ್ಕಿಲ್ಲ.

"ಏನಮ್ಮಾ ಮೋಡದ ಡಾಕ್ಟ್ರೇ, ಇವತ್ತು ಕೊಡೆ ಬೇಕೋ ಬೇಡ್ವೋ?"

"ನಿನ್ನೆ ಸಂಜೇನೇ ಬರೆದಿದೀನಲ್ಲ, ಓದ್ಕೋ."

"ಅದು ಆಫೀಸು ಮಾತು ಕಣೇ. ನಂಗೆ ಮನೆ ಮಾತು ಹೇಳು."

ಅವಳು ಹವಾಮಾನ ಕಚೇರಿಯಲ್ಲಿ ಇಡೀ ಪ್ರಾಂತ್ಯದ ಮುನ್ಸೂಚನೆ ಬರೆಯುವವಳು. ಹನ್ನೆರಡು ದಿನಗಳಿಂದ ಅದರಲ್ಲಿ ಒಂದೇ ವಾಕ್ಯ ಹೋಗುತ್ತಿತ್ತು: ಕೆಲವೆಡೆ ಗುಡುಗು ಸಹಿತ ಮಳೆ, ತಗ್ಗು ಪ್ರದೇಶಗಳಲ್ಲಿ ದಿಢೀರ್ ಪ್ರವಾಹದ ಸಾಧ್ಯತೆ. ಪಕ್ಕದಲ್ಲಿ ಒಂದು ಹಳದಿ ಚೌಕ, ಎಚ್ಚರವಾಗಿರಿ ಎಂಬ ಗುರುತು; ಅಪಾಯ ಬಂದೇಬಿಟ್ಟರೆ ಅದು ಕೆಂಪಾಗಬೇಕು. ಎರಡು ವರ್ಷದ ಹಿಂದೆ ಕಚೇರಿಯವರೊಬ್ಬರು ಆ ವಾಕ್ಯವನ್ನು ಬರೆಯದೆ ಬಿಟ್ಟಿದ್ದರು, ಮಳೆ ಬಂತು, ಅವರಿಗೆ ಎಲ್ಲಿಗೋ ವರ್ಗವಾಯಿತು. ಅಂದಿನಿಂದ ಗುಡುಗಿನ ಕಾಲ ಮುಗಿಯುವವರೆಗೆ ಆ ವಾಕ್ಯವನ್ನು ತೆಗೆಯಕೂಡದೆಂದು ಸಾಹೇಬರ ಕಟ್ಟಪ್ಪಣೆ. ಬರೆದರೆ ಕೈ ಸವೆಯುವುದಿಲ್ಲ, ಬರೆಯದಿದ್ದರೆ ಕುರ್ಚಿ ಹೋಗುತ್ತದೆ ಎನ್ನುತ್ತಿದ್ದರು. ಹನ್ನೊಂದು ದಿನ ಊರಿನಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಆ ಹನ್ನೊಂದು ದಿನವೂ ಅವಳು ಬೆಳಗಿನ ನಕ್ಷೆ ನೋಡಿ ಅಣ್ಣನಿಗೆ ಮಾತ್ರ ನಿಜ ಹೇಳಿದ್ದಳು. ಒಂದು ದಿನವೂ ತಪ್ಪಿರಲಿಲ್ಲ. ಅದರಲ್ಲಿ ಅವಳಿಗೊಂದು ಸಣ್ಣ ಹೆಮ್ಮೆಯೂ ಇತ್ತು.

ಹನ್ನೆರಡನೇ ದಿನ ಅವಳ ಬಾಯಲ್ಲಿ ಬ್ರಷ್ ಇತ್ತು. ನಕ್ಷೆ ತೆರೆದಿರಲಿಲ್ಲ.

"ಬೇಡ ಬಿಡು," ಎಂದಳು. "ಬರೀ ಆಫೀಸು ಮಾತು."

ಅಣ್ಣನದು ಪುಸ್ತಕ ಹೊಲಿದು ರಟ್ಟು ಕಟ್ಟುವ ಕಸುಬು. ಹಳೇ ಬೀದಿಯೊಂದರ ನೆಲಮಾಳಿಗೆಯಲ್ಲಿ, ಹತ್ತು ಮೆಟ್ಟಿಲು ಕೆಳಗೆ, ಅಂಟಿನ ವಾಸನೆಯ ನಡುವೆ ಕೂರುತ್ತಿದ್ದ. ಅಲ್ಲಿನ ಒಂದೇ ಕಿಟಕಿಯಲ್ಲಿ ಕಾಣುವುದು ಹೋಗಿಬರುವವರ ಚಪ್ಪಲಿಗಳು. ಆ ಬೀದಿಯಲ್ಲಿ ಅಂಥವು ಒಂಬತ್ತು ನೆಲಮಾಳಿಗೆಗಳು, ಬೀದಿಯ ಹೊಟ್ಟೆಯೊಳಗೆ ಬೆಟ್ಟದ ನೀರು ಹರಿಯುವ, ಕಲ್ಲು ಮುಚ್ಚಿದ ದೊಡ್ಡ ಮೋರಿ. ಅತ್ತಿಗೆ ಮೇಲೆ, ರಸ್ತೆ ಮಟ್ಟದ ಪುಟ್ಟ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ವಿಚಾರಿಸಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಒಂದಕ್ಕೆ ರೇಡಾರ್ ಪರದೆಯ ಮೇಲೆ, ಊರಿನ ಮೇಲ್ಗಡೆಯ ಬೆಟ್ಟದ ನೆತ್ತಿಯಲ್ಲಿ ಒಂದು ಕೆಂಪು ಕಲೆ ಮೂಡಿತು. ಅದು ಸರಿದುಹೋಗುತ್ತದೆಂದು ಕಾದಳು. ಸರಿಯಿತು. ಅದು ಬಿಟ್ಟ ಜಾಗದಲ್ಲೇ ಇನ್ನೊಂದು ಹುಟ್ಟಿತು, ಅದರ ಹಿಂದೆ ಮತ್ತೊಂದು, ಒಂದೇ ಹಳಿಯ ಮೇಲೆ ಬರುವ ಗೂಡ್ಸ್ ಬೋಗಿಗಳ ಹಾಗೆ. ಎಲ್ಲವೂ ಹೊತ್ತದ್ದನ್ನು ಒಂದೇ ಕಡೆ ಸುರಿಯುತ್ತಿದ್ದವು. ಬೆಟ್ಟದ ನೀರು ಊರು ಮುಟ್ಟಲು ಒಂದು ಗಂಟೆ ಸಾಕು. ಅವಳು ಎದ್ದು ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಊಟದ ಡಬ್ಬಿ ತೊಳೆದು ಒರೆಸುತ್ತಿದ್ದರು.

"ಸರ್, ಕೆಂಪು ಮಾಡ್ಬೇಕು."

"ಹೊರಗೆ ನೋಡಮ್ಮ. ನಮ್ಮ ಜವಾನ ಬಟ್ಟೆ ಒಣಗಿಸ್ತಿದಾನೆ."

"ಬೆಟ್ಟದಲ್ಲಿ ಒಂದೇ ಕಡೆ ಸುರೀತಿದೆ ಸರ್. ಆ ನೀರು ಇಲ್ಲಿಗೇ ತಾನೆ ಬರೋದು?"

"ಪ್ರವಾಹ ಅಂತ ನಾವು ಬರೆದಿಲ್ವಾ?"

"ಬರೆದಿದೀವಿ. ಹನ್ನೆರಡು ದಿನದಿಂದ ಬರೀತಿದೀವಿ."

"ಮತ್ತಿನ್ನೇನು? ಬಿಸಿಲಲ್ಲಿ ಕೆಂಪು ಕೊಟ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ. ಅರ್ಧ ಗಂಟೆ ನೋಡೋಣ ಇರು."

ಅವರ ಮೊಹರಿಲ್ಲದೆ ಕೆಂಪು ಹೊರಗೆ ಹೋಗುವಂತಿಲ್ಲ. ಅವಳು ತನ್ನ ಮೇಜಿಗೆ ಬಂದು ಅಣ್ಣನಿಗೆ ಫೋನು ಹಚ್ಚಿದಳು. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಅದು ಗೊತ್ತಿದ್ದೂ ಎರಡು ಸಲ ಹಚ್ಚಿದಳು. ಆಮೇಲೆ ಅತ್ತಿಗೆಗೆ.

"ಅತ್ತಿಗೆ, ಅಣ್ಣನ್ನ ಮೇಲಕ್ಕೆ ಕರೀರಿ. ಈಗ್ಲೇ. ಕೆಳಗಿರೋರನ್ನೆಲ್ಲ ಕರೀರಿ. ಮೋರಿ ಉಕ್ಕುತ್ತೆ."

ಅತ್ತಿಗೆ ನಕ್ಕಳು. "ಇಲ್ಲಿ ಬಿಸಿಲಿಗೆ ನನ್ನ ತಲೆ ಸಿಡೀತಿದೆ, ನಿಂಗೆ ಮೋರಿ ಉಕ್ಕುತ್ತಾ? ಇದು ಆಫೀಸು ಮಾತೋ, ಮನೆ ಮಾತೋ?"

"ಎರಡೂ."

"ಎರಡೂ ಹೇಗಾಗುತ್ತೆ ಮಾರಾಯ್ತಿ? ನಿಮ್ಮಣ್ಣ ಬೆಳಿಗ್ಗೆ ಟೀ ಅಂಗಡಿ ಮುಂದೆ ನಿಂತು ಇಡೀ ಬೀದಿಗೆ ಡಂಗುರ ಹೊಡೆದಿದಾರೆ. ತಂಗಿ ಹೇಳಿದಾಳೆ, ಏನೂ ಇಲ್ಲ ಅಂತ."

"ಬೀದಿಗಾ?"

"ದಿನಾ ಹೇಳ್ತಾರಲ್ಲ. ನಿಮ್ಮ ಹಳದಿ ಯಾರು ಓದ್ತಾರೆ? ಎಲ್ಲ ಇವರ ಬಾಯನ್ನೇ ಕಾಯ್ತಾರೆ. ಡಬ್ಬಿ ಅಕ್ಕತಂಗೀರು ಮಾತ್ರ ಇವತ್ತು ಅದನ್ನ ಓದಿ ಹೆದರ್ಕೊಂಡು ಮನೆಗೆ ಹೊರಟಿದ್ರಂತೆ, ಇವರೇ ತಡೆದು ಕೂರಿಸಿದ್ರು."

ಪಕ್ಕದ ನೆಲಮಾಳಿಗೆಯಲ್ಲಿ ರಟ್ಟಿನ ಡಬ್ಬಿ ಮಡಚುವ ಇಬ್ಬರು ಹೆಂಗಸರಿಗೆ ಬೀದಿಯಲ್ಲಿ ಆ ಹೆಸರು. ಅಕ್ಕನಿಗೆ ಕಿವಿ ಮಂದ. ತಂಗಿ ಜೋರಾಗಿ ಮಾತಾಡಿ ಮಾತಾಡಿ ಸದಾ ಜಗಳವಾಡುತ್ತಿರುವವಳಂತೆ ಕೇಳಿಸುತ್ತಿದ್ದಳು.

ತಾನು ಒಬ್ಬನಿಗೆ ಹೇಳುತ್ತಿದ್ದೇನೆಂದು ಅವಳು ಅಂದುಕೊಂಡಿದ್ದಳು. ಕಚೇರಿಯಿಂದ ಹೋದ ಎಚ್ಚರಿಕೆಯನ್ನು ತಾನೇ ದಿನಾ ಬೆಳಿಗ್ಗೆ ಒಂಬತ್ತು ನೆಲಮಾಳಿಗೆಗಳಿಂದ ಒರೆಸಿಹಾಕಿದ್ದು ಈಗ ತಿಳಿಯಿತು.

"ಅತ್ತಿಗೆ, ಬೆಳಿಗ್ಗೆ ನಾನು ನೋಡ್ದೇನೇ ಹೇಳ್ದೆ."

"ಏನಂದೆ?"

"ನಕ್ಷೆ ನೋಡ್ಲಿಲ್ಲ. ಹಲ್ಲುಜ್ತಾ ಬಾಯಿಗೆ ಬಂದಿದ್ದು ಹೇಳ್ದೆ."

ಅತ್ತಿಗೆ ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಎದ್ದಳು, ಕುರ್ಚಿ ಕೆರೆದ ಸದ್ದು ಕೇಳಿಸಿತು. ಮೆಟ್ಟಿಲ ಬಾಯಿಂದ ಅವಳ ಕೂಗು. ಕೆಳಗಿನಿಂದ ಅಣ್ಣನ ದನಿ: "ಅಂಟು ಹಚ್ಚಿದೀನಿ ಕಣೇ, ಈಗ ಬಿಟ್ರೆ ನಲವತ್ತು ಪುಸ್ತಕ ಹಾಳು." ಮತ್ತೆ ಅತ್ತಿಗೆಯ ಕೂಗು, ಈ ಸಲ ಅದರಲ್ಲಿ ಮಾತಿರಲಿಲ್ಲ. ಆಮೇಲೆ ಒಂದು ಹೊಸ ಸದ್ದು, ದೊಡ್ಡ ಪಾತ್ರೆಯ ಮುಚ್ಚಳ ಕುದಿಗೆ ಕುಣಿಯುವಂಥದ್ದು. ಮೋರಿಯ ಕಲ್ಲುಗಳು ಏಳುತ್ತಿದ್ದವು. ಫೋನು ಸತ್ತಿತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಸಾಹೇಬರು ಕೆಂಪಿಗೆ ಮೊಹರು ಒತ್ತಿದರು. ಅಷ್ಟೊತ್ತಿಗೆ ಬೀದಿಯಲ್ಲಿ ಸೊಂಟಮಟ್ಟದ ನೀರು.

ಅವಳು ಅಲ್ಲಿಗೆ ತಲುಪಿದಾಗ ನೀರು ಬಂದಷ್ಟೇ ಬೇಗ ಇಳಿದಿತ್ತು, ಬಿಸಿಲು ಹಾಗೇ ಇತ್ತು. ಒಂದು ಹನಿ ಮಳೆ ಕಾಣದ ಬೀದಿಯ ಗೋಡೆಗಳಿಗೆ ಎದೆಯೆತ್ತರ ಕೆಸರು. ಅಣ್ಣ ಅಂಗಡಿಯ ಮೇಜಿನ ಮೇಲೆ ಕೂತಿದ್ದ, ಒಂದೇ ಕಾಲಲ್ಲಿ ಚಪ್ಪಲಿ. ಕೈಗಳ ಚರ್ಮ ಕಿತ್ತುಹೋಗಿತ್ತು. ಏಳು ನೆಲಮಾಳಿಗೆಗಳ ಜನ ಅತ್ತಿಗೆಯ ಕೂಗಿಗೆ ಹೊರಬಂದಿದ್ದರು. ಎಂಟನೆಯದರಿಂದ ಅಣ್ಣ. ಡಬ್ಬಿಯವರ ಬಾಗಿಲು ಹೊರಗೆ ತೆರೆಯುವಂಥದ್ದು. ತಂಗಿ ಮೆಟ್ಟಿಲವರೆಗೆ ಬಂದವಳು ಕೇಳಿಸಿಕೊಳ್ಳದ ಅಕ್ಕನನ್ನು ಕರೆತರಲು ಒಳಗೆ ಹೋಗಿದ್ದಳು, ಹಿಂದೆಯೇ ಮೆಟ್ಟಿಲಿಳಿದ ನೀರು ಬಾಗಿಲನ್ನು ಹೊರಗಿನಿಂದ ಒತ್ತಿ ಹಿಡಿಯಿತು. ಅಣ್ಣ ಕೊರಳಮಟ್ಟದ ನೀರಲ್ಲಿ ನಿಂತು ಅದರ ಹಿಡಿ ಎಳೆದಿದ್ದ, ಹಿಡಿ ಕಿತ್ತು ಕೈಗೆ ಬರುವವರೆಗೆ.

"ಒಳಗಿಂದ ಬಡೀತಿದ್ರು," ಎಂದ.

ವರದಿ ಪುಸ್ತಕ ಹಿಡಿದ ಅಧಿಕಾರಿಯೊಬ್ಬರು ಬಂದರು. "ಎಚ್ಚರಿಕೆ ಇತ್ತಲ್ರೀ, ಹನ್ನೆರಡು ದಿನದಿಂದ? ತೀರಿಕೊಂಡ ಆ ಇಬ್ಬರನ್ನ ಯಾಕೆ ಇಳಿಯೋಕೆ ಬಿಟ್ರಿ?"

ಅಣ್ಣ ತಂಗಿಯ ಕಡೆ ತಿರುಗಲಿಲ್ಲ. "ನಾನೇ ಏನೂ ಆಗಲ್ಲ ಅಂದೆ ಸಾರ್. ನಂಗೆ ಓದೋ ಅಭ್ಯಾಸ ಇಲ್ಲ."

ಅವಳು ಬಾಯಿ ತೆರೆದಳು. ಅತ್ತಿಗೆ ಅವಳ ಮುಂಗೈ ಹಿಡಿದಳು, ಮೆಲ್ಲಗಲ್ಲ, ಉಗುರು ಇಳಿಯುವ ಹಾಗೆ. ಅದು ಕನಿಕರವೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ. ತೆರೆದ ಬಾಯಿ ಮುಚ್ಚಿತು. ಅಧಿಕಾರಿ ಬರೆದುಕೊಂಡು ಮುಂದಿನ ಬಾಗಿಲಿಗೆ ಹೋದರು.

ಸಂಜೆ ಕಚೇರಿಯಲ್ಲಿ ಸಾಹೇಬರು ಹನ್ನೆರಡೂ ಹಾಳೆಗಳನ್ನು ಜೋಡಿಸಿ ಪಿನ್ ಹೊಡೆದಿಟ್ಟಿದ್ದರು. "ನೋಡಮ್ಮ, ಒಂದು ದಿನವೂ ಬಿಟ್ಟಿಲ್ಲ. ನಿನ್ನ ಮೇಲೆ ಯಾರೂ ಬೆರಳು ತೋರಿಸೋ ಹಾಗಿಲ್ಲ." ಅವಳು ಅದೇ ಕುರ್ಚಿಯಲ್ಲಿ ಕೂತು ಮರುದಿನದ ವಾಕ್ಯ ಬರೆದಳು. ಅದೇ ವಾಕ್ಯ. ಈ ಸಲ ಅದಕ್ಕೆ ಬೇರೆ ಮಾತು ಹುಡುಕಿದಳು, ಸಿಗಲಿಲ್ಲ.

ಬೆಳಿಗ್ಗೆ ಐದಕ್ಕೇ ಎದ್ದು ನಕ್ಷೆ ತೆರೆದು ಕೂತಳು. ಪಶ್ಚಿಮದ ಗಾಳಿ, ಬೆಟ್ಟದ ತೇವ, ಎಲ್ಲವನ್ನೂ ಎರಡೆರಡು ಸಲ ನೋಡಿದಳು. ಆಕಾಶ ಖಾಲಿಯಾಗಿತ್ತು. ಏಳು ಗಂಟೆಯಾಯಿತು. ಏಳೂ ಹತ್ತು. ಕೊನೆಗೆ ಅವಳೇ ಫೋನು ಮಾಡಿದಳು.

"ಅಣ್ಣಾ."

"ಓದ್ದೆ," ಎಂದ ಅವನು. "ಗುಡುಗು ಸಹಿತ ಮಳೆ, ತಗ್ಗು ಪ್ರದೇಶ. ಪೂರ್ತಿ ಓದ್ದೆ."

"ಅಣ್ಣಾ, ಇವತ್ತು ನಿಜವಾಗ್ಲೂ…"

"ಬೇಡ ಕಣಮ್ಮ. ನೀನು ಏನೂ ಹೇಳ್ಬೇಡ. ಕೊಡೆ ತಗೊಂಡು ಹೊರಟಿದೀನಿ."

ಅವನ ಹಿಂದೆ ಬೀದಿಯ ಸದ್ದು ಕೇಳುತ್ತಿತ್ತು. ಯಾರೋ ಕೆಸರು ಬಾಚುತ್ತಿದ್ದರು, ಸಲಿಕೆ ಕಲ್ಲಿಗೆ ತಾಗುತ್ತಿತ್ತು. ಇನ್ಯಾರೋ ಅವನನ್ನು ಕೇಳಿದರು: ಏನಂತೆ ಇವತ್ತು, ತಂಗಿ ಏನಂದ್ಲು?

ಅಣ್ಣ ಫೋನು ಇಟ್ಟುಬಿಟ್ಟ.