ಮಗ್ಗದ ಕುಣಿ

ಚಹಾಕ್ಕೆ ರೊಕ್ಕ ಇಲ್ಲ, ಬಿಸ್ಕೀಟಿಗೂ ಇಲ್ಲ, ಎಲ್ಲಾ ಟಿಕೀಟಿನಾಗ ಬಂತಂತ, ಹಂಗಾದರೆ ಈ ಹಡಗಿನ ಟಿಕೀಟಿಗೆ ಎಷ್ಟು ಬಿತ್ತು, ಎಷ್ಟು ಸೀರೆ ನೇಯ್ದರೆ ಇಷ್ಟು ಕೂಲಿ ಆದೀತು, ಕೇಳಿದರೆ ಗೌತಮಿ ನಕ್ಕು ಮಾತು ಮರೆಸಿದಳು, ನಕ್ಕು ಮಾತು ಮರೆಸುವವರನ್ನು ದೇವವ್ವ ಎಂದೂ ನಂಬಿದವಳಲ್ಲ — ಗಾಲಿಕುರ್ಚಿಗೆ ಬ್ರೇಕು ಹಾಕಿದೆಯೋ ಇಲ್ಲವೋ, ಕೈಯಾಡಿಸಿ ನೋಡಿಕೊಂಡಳು, ಹಾಕಿದೆ, ಹಡಗೇ ವಾಲಿದರೆ ಬ್ರೇಕು ಏನು ಮಾಡೀತು, ಕಂಬಿಗಳಾಚೆ ಬರೀ ನೀರು, ಹೊಳೆಆಲೂರಿನಲ್ಲಿ ಮಲಪ್ರಭೆ ತುಂಬಿದಾಗ ಕೆಂಪಗಿತ್ತು, ಆಚೆ ದಂಡೆಯಾದರೂ ಇತ್ತು, ಇದು ಕೆಳಗೆ ಇಣುಕಿದರೆ ಕಪ್ಪು, ಕುಣಿಯ ಹಾಗೆ ಕಪ್ಪು, ನಡುಮನೆಯಲ್ಲಿ ಮಗ್ಗದ ಕೆಳಗಿನ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಿದ್ದರೆ ಮೊಣಕಾಲಿನತನಕ ತಂಪು, ಆ ತಂಪು ತನಗೆ ಇನ್ನೂ ಗೊತ್ತು, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಾಗಿನಿಂದ ಕಾಲಿಗೆ ಮಾತ್ರ ಗೊತ್ತಿಲ್ಲ.

ಒಮ್ಮೆಲೇ ಇಷ್ಟು ಪ್ರೀತಿ ಯಾಕೆ? ತಮ್ಮ ಹನುಮಂತಪ್ಪ ದವಾಖಾನೆಗೆ ಕರೆದೊಯ್ಯಲೂ ನಾಳೆ ನಾಡಿದ್ದು ಅನ್ನುವವ, ಅವನ ಮಗಳು ಈ ಗೌತಮಿ, ಹುಬ್ಬಳ್ಳಿಯಲ್ಲಿ ನರ್ಸು, ರಜೆ ಹಾಕಿ ಬಂದು ಅತ್ತೀ, ಸಮುದ್ರ ತೋರಸ್ತೀನಿ ನಡಿ ಅಂದಳು, ತಾನೂ ಹ್ಞೂಂ ಅಂದಳು, ಹೊರಡುವ ಮುಂಜಾನೆ ನೋಡಿದರೆ ತಮ್ಮ ಮಗ್ಗದಲ್ಲಿ ಉಳಿದ ಎಳೆಗಳನ್ನು ಕತ್ತರಿಸುತ್ತಿದ್ದ — ಸೀರೆ ಕೊಯ್ದ ಮೇಲೂ ನೇಕಾರರು ಆ ತುದಿಗಳನ್ನು ಹಾಗೇ ಬಿಡುತ್ತಾರೆ, ಮುಂದಿನ ಹಾಸಿನ ಎಳೆಗಳನ್ನು ಅವಕ್ಕೇ ಹೊಸೆದು ಕೂಡಿಸಬೇಕು, ತಾನು ಬಿದ್ದ ಮೇಲೂ ಅವು ಕಾಯುತ್ತಲೇ ಇದ್ದವು, ಕತ್ತರಿಸಿದರೆ ಇನ್ನು ನೇಯುವುದಿಲ್ಲ ಅಂದ ಹಾಗೆ, ಧೂಳ ಹಿಡದಾವಕ್ಕಾ ಅಂದ, ಮಾರಿ ಎತ್ತಲಿಲ್ಲ — ಮಗ್ಗ ಮಾರುತ್ತಾನೆ, ಜಾಗ ಬಾಡಿಗೆಗೆ ಕೊಡುತ್ತಾನೆ, ತನ್ನನ್ನು ಹಿತ್ತಲಿಗೆ ದೂಡುತ್ತಾನೆ, ಅದಕ್ಕೇ ಈ ಹಡಗು, ಅದಕ್ಕೇ ಈ ಚಹಾ. ಅಗೋ ಗೌತಮಿ, ಬೆನ್ನು ಮಾಡಿ ನಿಂತು ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಾಳೆ, ಗಾಳಿ ಈ ಕಡೆ ಬೀಸುತ್ತಿದೆ, ಅಪ್ಪಾ, ಮಣ್ಣ ಇನ್ನಷ್ಟು ಹಾಕಿ ಗಟ್ಟಿ ಬಡಸು, ಇಲ್ಲಂದ್ರ ಗಾಲಿ ಹೂತಾವು. ಮಣ್ಣು. ಕುಣಿ ಮುಚ್ಚಾಕತ್ತೀರೇನ? ಗೌತಮಿ ತಿರುಗಿದಳು, ಈ ಸಲ ನಗಲಿಲ್ಲ. ಹೌದತ್ತಿ, ಮಗ್ಗ ಮಾರಿಲ್ಲ, ಬಿಚ್ಚಿ ಅಟ್ಟಕ್ಕ ಇಟ್ಟಾನ, ನೀ ಅಲ್ಲಿದ್ರ ಒಂದು ಬುಟ್ಟಿ ಮಣ್ಣರ ಹಾಕಗೊಡತಿದ್ದೇನು, ನಿನ್ನ ಕುರ್ಚಿ ಬಾಗಲಕ ಹೋಗಾಕ ಬ್ಯಾರೆ ದಾರಿ ಎಲ್ಲೈತಿ?

ಖರೇ, ಕುಣಿಯ ಬದಿಗೆ ಕುರ್ಚಿ ಹಿಡಿಯುವುದಿಲ್ಲ, ತಮ್ಮ ಎತ್ತಿ ದಾಟಿಸಬೇಕು, ಅವನ ಬೆನ್ನು ಹಿಡಿದ ದಿನ ತಾನು ಒಳಗೇ, ಇಲ್ಲಿ ಹಡಗಿನಲ್ಲಿ ಮುಂಜಾನೆ ಯಾರನ್ನೂ ಕೂಗದೆ ತಾನೇ ಗಾಲಿ ತಿರುವಿಕೊಂಡು ಬಿಸಿಲಿಗೆ ಬಂದಳು, ಬಂದಳಲ್ಲ — ಆದರೂ ಒಂದು ಮಾತು ಕೇಳಬಹುದಿತ್ತು, ಕೇಳಿದ್ದರೆ ಬ್ಯಾಡ ಅನ್ನುತ್ತಿದ್ದಳು, ಅದು ಅವರಿಗೆ ಗೊತ್ತು, ತನಗೂ ಗೊತ್ತು, ಬಾಗಿಲಿಗೆ ದಾರಿ ಸಿಕ್ಕಿತು, ಮಗ್ಗ ಹೋಯಿತು, ಇನ್ನು ಅದು ಅಟ್ಟದಿಂದ ಇಳಿದು ಬರುವುದಿಲ್ಲ, ಕುಣಿ, ಕುಣಿಯೊಳಗೆ ಇಳಿಬಿಟ್ಟ ತನ್ನ ಎರಡು ಕಾಲು, ಮೇಲಿಂದ ಒಂದು ಬುಟ್ಟಿ ಮಣ್ಣು.