ಮುಟ್ಟದೆ ತಂದ ಹದಿನಾಲ್ಕು ಮೀನು

ಸಿರುಗುಪ್ಪದ ಹೊನ್ನೂರಮ್ಮನ ಬಲಗೈ ಸುತ್ತಲಿನ ಊರಿಗೆಲ್ಲ ಹೆಸರುವಾಸಿ. ಗಾಡಿಯ ಮೇಲಿನ ಟ್ಯಾಂಕಿನ ನೀರಿಗೆ ಮೊಣಕೈವರೆಗೆ ಕೈ ಇಳಿಸಿ, ಮೀನಿನ ಬಾಲದ ಬುಡ ಒಮ್ಮೆ ಅಮುಕಿ, "ಇದು ಗಟ್ಟಿ ಐತಿ, ಅದು ಸಂಜಿ ಕಾಣಂಗಿಲ್ಲ" ಎಂದರೆ ಮುಗಿಯಿತು. ಜೀವಂತ ಮೀನು ಸಾಗಿಸುವವರೆಲ್ಲ ಹೀಗೇ ಮಾಡುತ್ತಾರೆ; ಗಾಡಿ ನಿಂತಲ್ಲೆಲ್ಲ ಮುಚ್ಚಳ ತೆರೆದು ಕೈಯಾಡಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಆದರೆ ಹೊನ್ನೂರಮ್ಮನಷ್ಟು ಕರಾರುವಾಕ್ಕಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ಅದು ಆಕೆಗೂ ಗೊತ್ತಿತ್ತು, ಗೊತ್ತಿದ್ದದ್ದನ್ನು ಮುಚ್ಚಿಡುವ ಹೆಂಗಸೂ ಅಲ್ಲ.

ಬಳ್ಳಾರಿಯ ಹೊರಗೆ ದೊಡ್ಡಬಸವರಾಜ ಗೌಡರು ಮೀನುಮರಿ ಮಾಡಿಸುವ ಹೊಂಡ ಕಟ್ಟಿಸಿದ್ದರು. ಗೌಡರ ಮನೆಯೊಳಗೆ ಮೀನಿನ ಹೆಸರೆತ್ತುವಂತಿಲ್ಲ. ಹೊಲದ ಹೊಂಡಕ್ಕೆ ಆ ಮಡಿ ಇಲ್ಲವಂತೆ, ಇರಲಿ. ಅವರಿಗೆ ಮೊಟ್ಟೆ ತುಂಬಿದ ಕಾಟ್ಲಾ ತಾಯಿಮೀನು ಬೇಕಿತ್ತು. ಹೊನ್ನೂರಮ್ಮ ಎರಡು ಸಲ ಒಯ್ದು ಕೊಟ್ಟಳು. ಎರಡು ಸಲವೂ ಎಲ್ಲ ಮೀನು ಜೀವಂತವಾಗಿಯೇ ಹೊಂಡ ಸೇರಿದವು. ಮೂರನೆಯ ದಿನಕ್ಕೆ ಅರ್ಧಕ್ಕರ್ಧ ಹೊಟ್ಟೆ ಮೇಲಾಗಿ ತೇಲಿದವು.

"ಇನ್ನೊಂದು ಸಲ ನೋಡ್ತೀನಿ ಹೊನ್ನೂರಮ್ಮ. ಆಮ್ಯಾಲೆ ಆಂಧ್ರದ ಕಡಿಯಿಂದ ತರಿಸ್ತೀನಿ" ಎಂದು ಗೌಡರು ಫೋನಿನಲ್ಲಿ ಹೇಳಿದರು.

ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಬೀದಿ ತಿರುಗಿ, ಇಪ್ಪತ್ತೆರಡು ವರ್ಷಕ್ಕೆ ಸ್ವಂತ ಗಾಡಿ ಮಾಡಿಕೊಂಡವಳು ಆಕೆ. ಈ ಹೊಂಡ ಕೈತಪ್ಪಿದರೆ ಬೇರೆ ಹೊಂಡದವರೂ ಕರೆಯುವುದಿಲ್ಲ, ಗಳಿಸಿದ ಹೆಸರು ಮಣ್ಣುಪಾಲು. ಗೌಡರ ನೀರು ಕೆಟ್ಟದ್ದು, ಗೌಡರ ಆಳುಗಳು ಕೆಟ್ಟವರು ಎಂದು ಎರಡು ದಿನ ಎಲ್ಲರನ್ನೂ ಜಾಲಾಡಿದಳು.

ಮಗಳು ಮೇಘಾ ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಅಲ್ಲೇ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅವಳು ಹೊಂಡಕ್ಕೆ ಹೋಗಿ ಸತ್ತ ಮೀನೊಂದನ್ನು ಐಸಿನಲ್ಲಿಟ್ಟು ಮನೆಗೆ ತಂದಳು. ಬಾಲದ ಬುಡದಲ್ಲಿ ಮೈ ಕಾಯುವ ಲೋಳೆ ಅಳಿಸಿಹೋಗಿ, ಹತ್ತಿಯಂಥ ಬಿಳಿ ಬೂಷ್ಟು ಹಿಡಿದಿತ್ತು. ಒಂದು ಮಗ್ಗುಲಿಗೆ ನಾಲ್ಕು ಪಟ್ಟಿ, ಇನ್ನೊಂದಕ್ಕೆ ಒಂದು.

"ಅವ್ವಾ, ನಿನ್ನ ಕೈ ಇದರ ಮ್ಯಾಲಿಡು."

ಹೊನ್ನೂರಮ್ಮ ಇಟ್ಟಳು. ಐದೂ ಬೆರಳು ಸರಿಯಾಗಿ ಕೂತವು. ಆ ದಿನ ಆಕೆ ಊಟ ಮಾಡಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಬೈಯದಿದ್ದುದಕ್ಕೇ ಗಂಡ ಹುಲುಗಪ್ಪ ಗಾಬರಿಯಾದ.

ಮೂರನೆಯ ಸಲಕ್ಕೆ ಮೇಘಾ ಟ್ಯಾಂಕಿನ ಪಕ್ಕಕ್ಕೆ ಗಾಜು ಕೂರಿಸಿ, ಅದರ ಹೊರಗೆ ಕ್ಯಾಮೆರಾ ಇಟ್ಟಳು. ಉಸಿರಾಡಲು ಮೀನು ನಿಮಿಷಕ್ಕೆ ಎಷ್ಟು ಸಲ ಕಿವಿರು ತೆರೆದು ಮುಚ್ಚುತ್ತದೆ ಎಂದು ಅದು ಎಣಿಸಿ ಫೋನಿಗೆ ಕಳಿಸುತ್ತಿತ್ತು. ಮುಚ್ಚಳ ತೆರೆಯುವಂತಿಲ್ಲ, ನೀರಿಗೆ ಕೈ ಹಾಕುವಂತಿಲ್ಲ.

"ಮುಟ್ಟದ ಅದರ ಜೀವ ಹೆಂಗ ತಿಳೀತೈತಿ?" ಎಂದಳು ಹೊನ್ನೂರಮ್ಮ.

"ನನಗ ಜ್ವರ ಬಂದಾಗ ನೀನು ಬಾಗಿಲದಾಗ ನಿಂತು ಉಸಿರು ನೋಡೇ ತಿಳಕಂತಿದ್ದಿ. ಹಂಗ."

ಬೆಳಿಗ್ಗೆ ಹದಿನಾಲ್ಕು ಕಾಟ್ಲಾಗಳನ್ನು ಒದ್ದೆ ಬಟ್ಟೆಯ ಜೋಳಿಗೆಯಲ್ಲೇ ಎತ್ತಿ ಟ್ಯಾಂಕಿಗೆ ಇಳಿಸಿದರು. ಹುಲುಗಪ್ಪ ಗಾಡಿ ಬಿಟ್ಟ. ಫೋನಿನಲ್ಲಿ ಲೆಕ್ಕ ಅರವತ್ತರ ಆಸುಪಾಸಿನಲ್ಲಿತ್ತು. ಕುರುಗೋಡು ಸಮೀಪಿಸಿ ರಸ್ತೆ ಹೊರಳಿದ್ದೇ ತಡ, ಎಂಬತ್ತಾಯಿತು, ತೊಂಬತ್ತೈದಾಯಿತು. ಗಾಡಿ ನಿಂತಿತು. ಹೊನ್ನೂರಮ್ಮ ಧುಮುಕಿ ಹಿಂದೆ ಹೋಗಿ ಮುಚ್ಚಳಕ್ಕೆ ಕೈಯಿಟ್ಟಳು.

"ಅವ್ವಾ, ಬ್ಯಾಡ!" ಮೇಘಾ ಹಿಂದೆಯೇ ಓಡಿಬಂದಳು. "ಗಾಳಿ ಪಂಪು ಸರಿ ಐತಿ. ಯಾಕ ಏರೈತಿ ಅಂತ ನನಗೂ ತಿಳೀವಲ್ದು."

ಒಂದೇ ಒಂದು ಸಲ ಅಮುಕಿದರೆ ತಿಳಿದುಬಿಡುತ್ತದೆ ಎಂದು ಹೊನ್ನೂರಮ್ಮನ ಕೈ ತುಡಿಯಿತು. ಆಕೆ ಆ ಕೈಗೆ ಸೆರಗು ಬಿಗಿಯಾಗಿ ಸುತ್ತಿಕೊಂಡು, ಫೋನಿನ ಚಿತ್ರದ ಮೇಲೆ ಬಾಗಿದಳು. ತುಂಬ ಹೊತ್ತು ನೋಡಿದಳು.

"ಉಸಿರು ಸಾಲದಿದ್ರ ಮ್ಯಾಲ ಬಂದು ಬಾಯಿ ಬಿಡ್ತಿದ್ವು. ಒಂದೂ ಮ್ಯಾಲ ಬಂದಿಲ್ಲ, ಎಲ್ಲಾ ಆ ಮೂಲಿಗಿ ಒತ್ತಿಕೊಂಡಾವ. ಇವು ಅಂಜ್ಯಾವ. ರಸ್ತಿ ಹೊಳ್ಳಿದ ಮ್ಯಾಲ ಗಾಜಿಗಿ ಬಿಸಿಲು ಹೊಡಿಯಾಕ ಹತ್ತೈತಿ, ನೋಡು."

ಹುಲುಗಪ್ಪ ಗೋಣಿಚೀಲ ನೆನೆಸಿ ತಂದ. ಕ್ಯಾಮೆರಾಕ್ಕೆ ಸಂದು ಬಿಟ್ಟು ಗಾಜಿಗೆ ಮರೆ ಕಟ್ಟಿದರು. ಲೆಕ್ಕ ಎಂಬತ್ತೆಂಟಕ್ಕೆ ಇಳಿಯಿತು, ಆಮೇಲೆ ಎಪ್ಪತ್ತು, ಆಮೇಲೆ ಅರವತ್ತೆರಡು. ಮೇಘಾ ರಸ್ತೆ ಬದಿಯಲ್ಲೇ ಕೂತು ಅತ್ತುಬಿಟ್ಟಳು. ಹೊನ್ನೂರಮ್ಮನ ಎದೆ ಉಬ್ಬಿತು. ಮಗಳ ಬಗ್ಗೆ ಅರ್ಧ, ತನ್ನ ಬಗ್ಗೆ ಅರ್ಧ. ತನ್ನ ಪಾಲು ತುಸು ಹೆಚ್ಚೇ ಇದ್ದೀತು.

ಮೂರನೆಯ ದಿನ ತಾಯಿ ಮಗಳಿಬ್ಬರೂ ಗೌಡರ ಹೊಲಕ್ಕೆ ಹೋದರು. ತಾಯಿಮೀನುಗಳನ್ನು ಹೊಂಡದ ಮೂಲೆಯಲ್ಲಿ ಬಲೆ ಕಟ್ಟಿ ಬಿಟ್ಟಿದ್ದರು. ಹೊನ್ನೂರಮ್ಮ ದಡದಲ್ಲಿ ನಿಂತು ಎಣಿಸಿದಳು, ಮತ್ತೆ ಎಣಿಸಿದಳು. ಹದಿನಾಲ್ಕಕ್ಕೆ ಹದಿನಾಲ್ಕೂ ಈಜುತ್ತಿದ್ದವು.

ಗೌಡರ ಸಂಭ್ರಮ ಹೇಳತೀರದು. ಅಕ್ಕಪಕ್ಕದ ಹೊಂಡದ ಮೂವರು ಯಜಮಾನರನ್ನು ಕರೆಸಿದ್ದರು. ಹುಟ್ಟಿದಂದಿನಿಂದ ಮೀನು ಮುಟ್ಟದ ಮನುಷ್ಯ, ಅಂದು ಹುಮ್ಮಸ್ಸಿಗೆ ಅಂಗಿಯ ತೋಳು ಮಡಚಿ ದಡದಲ್ಲಿ ಕೂತರು.

"ತಡೀರಿ, ಒಂದನ್ನ ಹಿಡಿದು ತೋರಸ್ತೀನಿ."

ಹೊನ್ನೂರಮ್ಮ ಅವರ ಮುಂಗೈ ಹಿಡಿದಳು.

"ಗೌಡ್ರ, ಕೈ ತಗೀರಿ."

ಆಕೆಯ ಕೇರಿಯವರು ಯಾರೂ ಹಿಂದೆಂದೂ ಆ ಮುಂಗೈ ಮುಟ್ಟಿದವರಲ್ಲ. ಯಜಮಾನರು ಮುಖ ಮುಖ ನೋಡಿಕೊಂಡರು. ಗೌಡರು ತಮ್ಮನ್ನು ಹಿಡಿದ ಕೈಯನ್ನು ನೋಡಿದರು, ಹೊನ್ನೂರಮ್ಮನ ಮುಖ ನೋಡಿದರು. ಆಕೆ ಬಿಡಲಿಲ್ಲ.

"ನಾನೇ ಹಾಕಿಲ್ಲ ಕೈ. ನೀವು ಹಾಕ್ತೀರೇನು?"

ಗೌಡರು ಮೆಲ್ಲಗೆ ಕೈ ಹಿಂದೆಗೆದು ತೋಳು ಇಳಿಬಿಟ್ಟರು. "ಮತ್ತ ಹೆಂಗ ನೋಡಬೇಕವ್ವಾ?" ಎಂದು ಕೇಳಿದರು.

"ಈ ಕಡಿಗಿ ಬಂದು ನಿಂದರ್ರಿ. ನನ್ನ ಮಗಳು ತೋರಸ್ತಾಳ."

ಮೇಘಾ ಫೋನು ತೆರೆದು ದಾರಿಯುದ್ದದ ಚಿತ್ರ ತೋರಿಸತೊಡಗಿದಳು. ಗೌಡರೂ ಮೂವರು ಯಜಮಾನರೂ ಅವಳ ಬೆನ್ನ ಹಿಂದೆ ಒತ್ತಾಗಿ ನಿಂತು ಕತ್ತು ಚಾಚಿದರು. ಚಿತ್ರದಲ್ಲಿ ಪ್ರತಿ ಮೀನು ಬಂದಾಗಲೂ ಅದು ಏನು ಹೇಳುತ್ತಿದೆ ಎಂದು ಹೊನ್ನೂರಮ್ಮ ವಿವರಿಸಿದಳು, ಅವರು ಬಾಯಿ ಮುಚ್ಚಿಕೊಂಡು ಕೇಳಿದರು.