ಮೂರಡಿಗೊಂದು ಪಾಮ್ ಮರ

ನನ್ನ ಗಂಡನಿಗೆ ಮೂಗಿನ ತುದಿಯಲ್ಲಿ ಕೋಪ, ಕತ್ತಿನಲ್ಲಿ ಟೇಪು. ಎರಡೂ ಮಲಗುವಾಗ ಮಾತ್ರ ಇಳಿಯುತ್ತವೆ. ನಲವತ್ತು ವರ್ಷದಿಂದ ದರ್ಜಿ ಕೆಲಸ. ಒಂದು ಸಲ ಅಳೆದರೆ ಮುಗಿಯಿತು, ಎರಡನೇ ಸಲ ನೋಡದೆ ಕತ್ತರಿ ಹಾಕುತ್ತಾರೆ. ಬೀದಿಯವರು ಕರೆಯುವುದೇ ಟೇಪಣ್ಣ ಎಂದು. ಅಂಥವರು ಏಳು ಮರದ ಲೆಕ್ಕದಲ್ಲಿ ಅಳತೆ ತಪ್ಪಿದರು. ತಪ್ಪಲು ಬಿಟ್ಟವಳು ನಾನು. ಹಾಗೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕಾಂಪೌಂಡಿನ ಆಚೆಯ ಮನೆ ಅವರ ಅಣ್ಣನದು. ಭಾವನವರು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು "ನಿಧಾನ, ನಿಧಾನ, ಅಯ್ಯೋ ಬ್ರೇಕು!" ಎಂದು ಕೂಗಿದವರು, ನಿವೃತ್ತಿಯಾಯಿತೆಂದು ಬಾಯಿ ಮುಚ್ಚಿಕೊಂಡು ಕೂರುತ್ತಾರೆಯೇ? ಮಹಡಿಯ ಬಾಲ್ಕನಿಗೆ ಕುರ್ಚಿ ಎಳೆದುಕೊಂಡು ನಮ್ಮ ಅಂಗಳಕ್ಕೆ ಪಾಠ ಶುರು ಮಾಡಿದರು. ಬಟ್ಟೆ ಹಾಗೆ ಹರವಬೇಡ, ಬಕೆಟ್ ಅಲ್ಲಿ ಇಡಬೇಡ, ಸೈಕಲ್ಲಿಗೆ ಸ್ಟ್ಯಾಂಡ್ ಹಾಕು. ಇವರು ಹಲ್ಲು ಕಚ್ಚಿಕೊಂಡು ಸಹಿಸಿಕೊಂಡಿದ್ದರು.

ಒಂದು ಬೆಳಿಗ್ಗೆ ಗಿರಾಕಿಯೊಬ್ಬರು ಹೊಸ ಕೋಟು ತೊಟ್ಟು ಅಂಗಳದ ಬೆಳಕಿಗೆ ಬಂದು ನಿಂತರು. ಮೇಲಿನಿಂದ ಧ್ವನಿ ಬಂತು: "ಎಡಗಡೆ ಭುಜ ಇಳಿದಿದೆ ಕಣೋ!"

ಗಿರಾಕಿ ಕೋಟು ಬಿಚ್ಚಿಟ್ಟು ಹೋದರು. ಭುಜ ಅರ್ಧ ಇಂಚು ಇಳಿದಿದ್ದು ನಿಜ. ಅದೇ ಇವರಿಗೆ ತಡೆಯಲಾಗಲಿಲ್ಲ. ಸುಳ್ಳಾಗಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದರು.

"ಆ ಬಾಲ್ಕನಿ ನನ್ ಕಣ್ಣಿಗೆ ಬೀಳಬಾರ್ದು" ಎಂದರು ಆ ದಿನ. "ಗೋಡೆ ಉದ್ದಕ್ಕೂ ದೊಡ್ಡ ಪಾಮ್ ಮರ ಹಾಕಿಸ್ತೀನಿ. ಸಸಿ ಅಲ್ಲ, ಮರ. ಈ ತುದಿಯಿಂದ ಆ ತುದಿವರೆಗೂ. ಆ ಕಿರುಬಾಗ್ಲೂ ಮುಚ್ಚಿ ಹೋಗ್ಲಿ."

ಗೋಡೆಯ ಹಿಂದಿನ ತುದಿಯಲ್ಲಿ ಸೊಂಟ ಬಗ್ಗಿಸಿ ದಾಟಬೇಕಾದಂಥ ಒಂದು ಕಿರುಬಾಗಿಲಿದೆ. ದಿನಾ ಹನ್ನೊಂದು ಗಂಟೆಗೆ ಅಕ್ಕ, ಎಂದರೆ ಭಾವನ ಹೆಂಡತಿ, ಆ ಕಡೆ ಸ್ಟೂಲು ಹಾಕಿಕೊಂಡು ಕೂರುತ್ತಾಳೆ, ನಾನು ಈ ಕಡೆ. ನಡುವಿನ ಹೊಸ್ತಿಲಿನ ಮೇಲೆ ಎರಡು ಲೋಟ ಕಾಫಿ. ಹದಿನೇಳು ವರ್ಷದ ಅಭ್ಯಾಸ. ಗಂಡಂದಿರನ್ನು ಬೈಯುವುದಕ್ಕೆ ನಮಗಿರುವ ಜಾಗ ಅದೊಂದೇ. ಅವರ ಮುಂಬಾಗಿಲು ಇರುವುದು ಹಿಂದಿನ ಬೀದಿಯ ಏರಿನಲ್ಲಿ; ಸುತ್ತಿ ಬರಲು ಅಕ್ಕನ ಮಂಡಿ ಕೇಳುವುದಿಲ್ಲ. ಬಾಗಿಲಿನ ಮುಂದೆ ಒಂದು ಮರ ಬಂತೆಂದರೆ ಅಲ್ಲಿಗೆ ನಮ್ಮ ಹನ್ನೊಂದು ಗಂಟೆ ಮುಗಿದಂತೆ.

ಬೇಡ ಎನ್ನಬಹುದಿತ್ತು. ಆದರೆ ಇವರಿಗೆ ಬೇಡ ಎಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ, ಏಳು ಮರ ಹದಿನಾಲ್ಕಾಗುತ್ತವೆ. ಬಾಯಿಗೆ ಬೀಗ ಹಾಕಿಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಅಪ್ಪ ಗಿಡಗಳ ನರ್ಸರಿ ಇಟ್ಟಿದ್ದವರು. ನಾನು ಆಡಿ ಬೆಳೆದದ್ದೇ ಗೊಬ್ಬರದ ಗುಡ್ಡೆಯ ಮೇಲೆ. ದೊಡ್ಡ ಪಾಮ್ ಮರ ಸಾಗಿಸುವಾಗ ಗರಿಗಳನ್ನೆಲ್ಲ ಮೇಲಕ್ಕೆ ಮಡಿಸಿ, ಒಂದು ಕಟ್ಟು ಮಾಡಿ, ಹಗ್ಗ ಬಿಗಿಯುತ್ತಾರೆ. ನೆಟ್ಟು ಎರಡು ತಿಂಗಳು, ಬೇರು ಹಿಡಿಯುವ ತನಕ, ಆ ಹಗ್ಗ ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಮರ ಮಡಿಸಿದ ಛತ್ರಿಯ ಹಾಗೆ ಸಣ್ಣಗೆ, ಸಾಧುವಾಗಿ ನಿಂತಿರುತ್ತದೆ. ಬಿಚ್ಚಿದ ಮೇಲೆ ಒಂದೊಂದಕ್ಕೂ ಹತ್ತು ಅಡಿ ಬೇಕು. "ಪಾಮ್ ಮರದ ಸೊಂಟ ನೋಡಿ ನೆಡಬೇಡ ಮಗಳೇ, ತಲೆ ನೋಡಿ ನೆಡು" ಎನ್ನುತ್ತಿದ್ದರು ಅಪ್ಪ.

ನರ್ಸರಿಯವನು ಫೋನಿನಲ್ಲಿ "ಅರವತ್ತಡಿ ಗೋಡೆಗೆ ಏಳು ಸಾಕು ಸಾರ್" ಎಂದಿದ್ದ. ಅವನ ಲೆಕ್ಕ ಸರಿ. ಏಳನೆಯದು ನೇರ ಕಿರುಬಾಗಿಲಿಗೇ ಬರುತ್ತಿತ್ತು.

ಲಾರಿ ಬಂತು, ಹಿಂದೆಯೇ ಕ್ರೇನು. ನರ್ಸರಿಯವನು ಬೇರೆ ಕೆಲಸದ ಮೇಲೆ ಹೋಗಿದ್ದರಿಂದ ಕ್ರೇನಿನವನೇ ಯಜಮಾನ. ಇವರು ಲಾರಿ ಹತ್ತಿ, ಮಲಗಿದ್ದ ಮರಗಳ ತಲೆಗೆ ಟೇಪು ಸುತ್ತಿದರು.

"ಕಟ್ಟು ಎರಡಡಿ ಅಗಲ. ಒಳಮಡಿಕೆಗೆ ಒಂದಡಿ ಬಿಡೋಣ. ಮೂರಡಿಗೊಂದು."

ಒಳಮಡಿಕೆ! ಪ್ಯಾಂಟಿನ ತುದಿಗೆ ಬಿಡುತ್ತಾರಲ್ಲ, ಅದು. ನಗು ಹೊಟ್ಟೆಯಿಂದ ಮೇಲಕ್ಕೆ ಬಂತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ.

"ಹತ್ತಿರ ಆಯ್ತಲ್ಲಾ ಸಾರ್?" ಎಂದ ಕ್ರೇನಿನವನು.

"ಅಳತೆ ನಂಗೆ ಹೇಳ್ಕೊಡ್ತೀಯಾ?"

ಅವನು ಹೋಗಿ ಕ್ರೇನು ಹತ್ತಿ ಕೂತ. ಆದರೆ ಇವರೇ ಗೋಡೆಯನ್ನೊಮ್ಮೆ ಉದ್ದಕ್ಕೆ ನೋಡಿ ಅನುಮಾನಪಟ್ಟರು. "ಅಲ್ಲ ಕಣೇ, ಮೂರಡಿಗೊಂದಾದ್ರೆ ಏಳೂ ಹದಿನೆಂಟಡೀಲೇ ಮುಗಿದುಹೋಗುತ್ತೆ. ಆ ತುದಿ ಖಾಲಿ ಉಳಿಯುತ್ತಲ್ಲ?"

ಈಗ ನನ್ನ ಸರದಿ. "ಬಾಲ್ಕನಿ ಇರೋದು ಈ ತುದೀಲಿ ತಾನೇ? ದೂರ ದೂರ ನೆಟ್ರೆ ಸಂದೀಲಿ ಭಾವನವರ ಮುಖ ಕಾಣ್ಸುತ್ತೆ. ದಟ್ಟವಾಗಿರ್ಲಿ ಬಿಡಿ. ಆ ತುದಿಗೆ ಬೇಕಾದ್ರೆ ಆಮೇಲೆ ತರಿಸೋಣ."

ಸಂದಿಯಲ್ಲಿ ಭಾವನವರ ಮುಖ ಎಂದದ್ದೇ ಸಾಕಾಯಿತು. ಸಂಜೆಯೊಳಗೆ ಏಳು ಮರಗಳೂ ಬಸ್ಸಿಗೆ ಕಾಯುವವರ ಹಾಗೆ ಒತ್ತೊತ್ತಾಗಿ ನಿಂತವು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಮರುದಿನ ಹನ್ನೊಂದಕ್ಕೆ ಅಕ್ಕನಿಗೆ ಎಲ್ಲ ಹೇಳಿದೆ. ನಕ್ಕು ನಕ್ಕು ಅವಳಿಗೆ ಕಾಫಿ ನೆತ್ತಿಗೇರಿತು.

ಭಾವನವರು ಸುಮ್ಮನಿರಲಿಲ್ಲ. ಕೋಟಿನ ದಿನದಿಂದ ತಮ್ಮನೊಡನೆ ಮಾತಿಲ್ಲವಲ್ಲ, ಅದಕ್ಕೆ ಆಕಾಶಕ್ಕೆ ಹೇಳಿದರು: "ಕೆಲವರಿಗೆ ಗ್ಯಾಪ್ ಬಿಡೋದೇ ಗೊತ್ತಿಲ್ಲ. ಮುಂದಿನ ಗಾಡಿಗೂ ನಮಗೂ ನಡುವೆ ಗ್ಯಾಪ್ ಇರಬೇಕು, ಗ್ಯಾಪು!" ಇವರು ಮೆಷಿನ್ನಿನ ಸದ್ದು ಜೋರು ಮಾಡಿದರು.

ಎರಡು ತಿಂಗಳು ಕಳೆದ ಮೇಲೆ ಕ್ರೇನಿನವನು ಏಣಿ ತಂದು ಹಗ್ಗಗಳನ್ನು ಕತ್ತರಿಸಿ ಹೋದ. ಮೊದಲ ದಿನ ಗರಿಗಳು ಸ್ವಲ್ಪ ಮೈಮುರಿದವು. ಮೂರನೆಯ ದಿನ ಒಂದರ ಮೇಲೊಂದು ಬಿದ್ದು ಜಗಳಕ್ಕೆ ನಿಂತವು. ವಾರ ತುಂಬುವಷ್ಟರಲ್ಲಿ ಒಂದು ಗರಿ ಇವರ ಮಹಡಿಯ ಕೆಲಸದ ಕೋಣೆಯ ಕಿಟಕಿಯಿಂದ ಒಳಗೆ ಬಂದು ಗುಂಡಿಗಳ ಡಬ್ಬಿಯನ್ನು ನೆಲಕ್ಕೆ ಗುಡಿಸಿತು. ಬೆಳಿಗ್ಗೆ ಹತ್ತಕ್ಕೂ ಕೋಣೆಯಲ್ಲಿ ಕತ್ತಲು. ಇವರು ಕಪ್ಪು ಪ್ಯಾಂಟಿಗೆ ನೀಲಿ ದಾರ ಹಾಕಿ ಹೊಲಿದರು. ಗಿರಾಕಿ ಬಿಸಿಲಿಗೆ ಹಿಡಿದು ತೋರಿಸಿದ. ಆಚೆ ಬಾಲ್ಕನಿಯೂ ಗರಿಗಳ ಪಾಲಾಯಿತು. "ನಿನ್ನ ಭಾವ ಕುರ್ಚಿ ಸಮೇತ ಒಳಗೆ ಬಂದ್ರು" ಎಂದಳು ಅಕ್ಕ. "ಈಗ ಅಡುಗೆಮನೇಲಿ ಕೂತು ನಂಗೆ ಪಾಠ. ನೀನು ಉದ್ಧಾರ ಆಗಲ್ಲ ಬಿಡು."

ಕೊನೆಗೆ ನರ್ಸರಿಯವನನ್ನೇ ಕರೆಸಬೇಕಾಯಿತು. ಅವನು ತಲೆ ಎತ್ತಿ ನೋಡಿ, ಮರಗಳನ್ನು ಬೆರಳಿನಲ್ಲಿ ಎಣಿಸಿದ.

"ಒಂದು, ನಾಲ್ಕು, ಏಳು ಇರ್ಲಿ ಸಾರ್. ಮಿಕ್ಕ ನಾಲ್ಕನ್ನ ಈಗ್ಲೇ ಕಿತ್ರೆ ಬದುಕ್ತವೆ. ಆ ತುದಿವರೆಗೂ ಜಾಗ ಖಾಲಿ ಇದ್ಯಲ್ಲ? ಹತ್ತತ್ತಡಿಗೆ ಒಂದೊಂದು ಹಾಕಿದ್ರೆ ಕೊನೇದು ಸರಿಯಾಗಿ ಆ ಚಿಕ್ಕ ಬಾಗ್ಲು ಹತ್ರ ಬರುತ್ತೆ. ನೀವು ಮೊದಲು ಹೇಳಿದ ಹಾಗೇ!"

ನಾನು ತೋಡಿದ ಹಳ್ಳ ನನ್ನ ಕಾಲಡಿಗೇ ಬಂತು. ಎಲ್ಲ ಬಾಯಿಬಿಟ್ಟು, ಕಾಲಾದರೂ ಹಿಡಿದು, ಆ ಒಂದು ಮರ ಬೇಡವೆಂದು ಬೇಡಿಕೊಳ್ಳೋಣ ಎನ್ನಿಸಿತು. ಅಷ್ಟರಲ್ಲಿ ಇವರು ನರ್ಸರಿಯವನ ಉದ್ದನೆಯ ಟೇಪು ಎಳೆಯುತ್ತ ಗೋಡೆಯ ಪಕ್ಕದಲ್ಲೇ ಹೊರಟಿದ್ದರು. ನಾನು ಹಿಂದೆ ಓಡಿದೆ.

ಹನ್ನೊಂದು ಗಂಟೆಯಾಗಿತ್ತು. ಕಿರುಬಾಗಿಲಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತು, ನೋಯುವ ಕಾಲನ್ನು ಹೊಸ್ತಿಲ ಈಚೆಗೆ ಚಾಚಿಕೊಂಡಿದ್ದಳು. ಪಕ್ಕದಲ್ಲಿ ಎರಡು ಲೋಟ. ನನ್ನದಕ್ಕೆ ತಟ್ಟೆ ಮುಚ್ಚಿಟ್ಟಿದ್ದಳು.

ಟೇಪನ್ನೂ ಹಿಂದೆ ಬರುತ್ತಿದ್ದ ನರ್ಸರಿಯವನನ್ನೂ ನೋಡಿ ಅವಳಿಗೆ ಅರ್ಥವಾಯಿತು. ನಗುತ್ತಲೇ, "ಅಳೀಬೇಕಾ? ಇರಿ, ಕಾಲೆತ್ಕೋತೀನಿ" ಎಂದು ಮಂಡಿಯ ಕೆಳಗೆ ಎರಡೂ ಕೈ ಕೊಟ್ಟು ಕಾಲನ್ನು ಒಂದು ಮೂಟೆಯಂತೆ ಎತ್ತಿ ಆಚೆಗಿಟ್ಟುಕೊಂಡಳು.

ಇವರು ಮೊಣಕಾಲೂರಿ ಟೇಪು ಹಿಡಿದರು. ಓದಿದರು. ತಟ್ಟೆ ಮುಚ್ಚಿದ್ದ ಲೋಟವನ್ನು ನೋಡಿದರು. ಮತ್ತೊಮ್ಮೆ ಓದಿದರು. ನಲವತ್ತು ವರ್ಷದಲ್ಲಿ ಅವರು ಎರಡು ಸಲ ಅಳೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಲ್ಲಿ ಜಾಗ ಸಾಲಲ್ಲ" ಎಂದರು.

"ಏನ್ ಸಾರ್, ಬೇಕಾದಷ್ಟಿದೆ!" ಎಂದ ನರ್ಸರಿಯವನು.

"ಅಳತೆ ನಂಗೆ ಹೇಳ್ಕೊಡ್ತೀಯಾ?"

ಅವನು ತಲೆ ಕೆರೆದುಕೊಂಡ. "ಹಂಗಾದ್ರೆ ಒಂದು ಮರ ಉಳ್ಕೊಳ್ಳುತ್ತೆ."

ಇವರು ಟೇಪು ಸುತ್ತುತ್ತ, ಬಗ್ಗಿ, ಕಿರುಬಾಗಿಲಿನಿಂದ ಆಚೆಯ ಅಂಗಳವನ್ನು ನೋಡಿದರು. "ಅತ್ತಿಗೆ, ಆ ಕಡೆ ಎಲ್ಲಾದ್ರೂ ಜಾಗ ಇದ್ಯಾ?"

"ನಂಗೇನ್ ಗೊತ್ತು? ಅಡುಗೆಮನೇಲಿ ಒಬ್ರು ಕೂತಿದ್ದಾರೆ, ಅವರನ್ನ ಕೇಳಿ. ಪುಣ್ಯ ಬರುತ್ತೆ, ಹೊರಗೆ ಕರ್ಕೊಂಡ್ಹೋಗಿ."

ಇವರು ಟೇಪು ಹಿಡಿದುಕೊಂಡೇ ಸೊಂಟ ಬಗ್ಗಿಸಿ ಬಾಗಿಲು ದಾಟಿದರು. ಭಾವನವರು ಹೊರಗೆ ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ನೆಲ ನೋಡಿದರು.

"ಆ ಕೋಟಿನ ಭುಜ ಸರಿ ಮಾಡಿದ್ಯೇನೋ?"

"ಮಾಡ್ದೆ."

"ಹಾಗಾದ್ರೆ ಟೇಪಿನ ಆ ತುದಿ ಹಿಡ್ಕೋ. ಹಿಂದೆ ಹೋಗು. ಇನ್ನೂ ಹಿಂದೆ. ಹಿಂದೆ, ಹಿಂದೆ... ಅಯ್ಯೋ ಬ್ರೇಕು!"

ಇವರು ತಕ್ಷಣ ನಿಂತರು. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಫಿ ಕುಡಿದೆವು. ತಣ್ಣಗಾಗಿತ್ತು, ಪರವಾಗಿಲ್ಲ.

ನಾಲ್ಕು ಮರಗಳೂ ಜಾಗ ಬದಲಿಸಿದ ದಿನ ಸಂಜೆ, ಬೆಳಕು ತುಂಬಿದ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುತ್ತ ಇವರು ಅಂದರು: "ನಿಮ್ಮಪ್ಪ ನರ್ಸರಿ ಇಟ್ಟಿದ್ದೋರು."

"ಹೌದು."

"ನಿಂಗೆ ಗೊತ್ತಿತ್ತು."

"ನೀವು ಕೇಳ್ಲಿಲ್ಲ."

ಕೋಪ ಬರುತ್ತದೆಂದು ಕಾದೆ. ಬರಲಿಲ್ಲ. ದಾರದ ತುದಿಗೆ ಗಂಟು ಹಾಕಿ, ತಲೆ ಎತ್ತದೆ ಹೇಳಿದರು:

"ಕಿರುಬಾಗ್ಲು ಹತ್ರ ಹತ್ತಡಿ ಎರಡಿಂಚು ಇತ್ತು ಕಣೇ."

"ಗೊತ್ತು" ಎಂದೆ.